ಬೆರಳು ಹಿಡಿ, ಮಗೂ

ಯಾರೋ ಹೇಳಿದ್ದು, ಇನ್ಯಾರೋ ಕೇಳಿದ್ದು ಅಲ್ಲ ಇದು. ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ಅಕ್ಕನ ಬಾಯಿಂದಲೇ ನಾಲ್ಕು ಸಲ ಕೇಳಿದ್ದೀನಿ. ನಾಲ್ಕು ಸಲವೂ ಒಂದಕ್ಷರ ಆಚೀಚೆ ಆಗಿಲ್ಲ.

ಅಕ್ಕ ಮಕ್ಕಳ ವಾರ್ಡಿನಲ್ಲಿ ನರ್ಸು. ಮಧ್ಯಾಹ್ನ ಎರಡಕ್ಕೆ ಡ್ಯೂಟಿಗೆ ಹೋದ್ರೆ ರಾತ್ರಿ ಒಂಬತ್ತಕ್ಕೆ ಬಿಡಬೇಕು. ಆದ್ರೆ ಆ ತಿಂಗಳು ಬಿಡೋ ಹೊತ್ತಿಗೆ ಹನ್ನೆರಡು ಆಗ್ತಿತ್ತು, ಕೆಲವು ದಿನ ಒಂದು. ಆಸ್ಪತ್ರೆಯಿಂದ ಮನೆಗೆ ಕಾಲು ಗಂಟೆ ನಡಿಗೆ. ದೊಡ್ಡ ರಸ್ತೆ ದಾಟಿ, ಬೇಕರಿ ದಾಟಿ ಎಡಕ್ಕೆ ತಿರುಗಿದ್ರೆ ಮೂರು ಬೀದಿ ಕೂಡೋ ಜಾಗ. ಅಲ್ಲೊಂದು ಹಳೇ ಬಾವಿ. ಮಂಡಿಯೆತ್ತರದ ಕಲ್ಲಿನ ಕಟ್ಟೆ. ನೀರು ಬತ್ತಿ ಎಷ್ಟೋ ವರ್ಷ ಆಗಿತ್ತು. ಮೇಲೆ ಕಬ್ಬಿಣದ ಜಾಲರಿ ಹಾಕಿದ್ರು, ಅದರಲ್ಲಿ ಅರ್ಧವನ್ನ ಯಾವನೋ ಗುಜರಿಗೆ ಕಿತ್ಕೊಂಡು ಹೋಗಿದ್ದ.

ಮೊದಲನೇ ರಾತ್ರಿ ಅಕ್ಕ ಬಾವಿ ಹತ್ತಿರ ಬಂದಾಗ ಹನ್ನೆರಡೂಕಾಲು. ಗಾಳಿ ಇಲ್ಲ. ಒಂದು ನಾಯಿ ಕೂಡ ಬೊಗಳ್ತಿಲ್ಲ. ಅವಳ ಚಪ್ಪಲಿ ಸದ್ದು ಒಂದೇ... ಪಟಕ್, ಪಟಕ್, ಪಟಕ್.

ಅದರ ಜೊತೆಗೇ ಇನ್ನೊಂದು ಸದ್ದು.

ಟಿಣ್... ಟಿಣ್... ಟಿಣ್...

ಸಣ್ಣದು. ಗೆಜ್ಜೆ ಅಲ್ಲ. ಬಳೆ ಅಲ್ಲ. ಅಕ್ಕನಿಗೆ ಆ ಸದ್ದು ಚೆನ್ನಾಗಿ ಗೊತ್ತಿತ್ತು. ಸ್ಟೀಲ್ ಲೋಟದಲ್ಲಿ ಗಾಜಿನ ಥರ್ಮಾಮೀಟರ್ ನಿಲ್ಲಿಸ್ಕೊಂಡು ನಡೆದ್ರೆ ಬರೋ ಸದ್ದು. ಅವಳು ಕೆಲಸ ಕಲಿಯೋವಾಗ ಹಳೇ ನರ್ಸುಗಳು ಹಾಗೇ ಲೋಟ ಹಿಡ್ಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋಗ್ತಿದ್ರು. ಈಗ ಗಾಜಿಂದು ಯಾರ ಹತ್ರ ಇದೆ? ಈಗೆಲ್ಲ ಪೀಂ ಪೀಂ ಅನ್ನೋ ಬ್ಯಾಟರಿದು.

ಅಕ್ಕ ನಿಂತಳು. ಸದ್ದೂ ನಿಂತಿತು.

ಅಕ್ಕ ಒಂದು ಹೆಜ್ಜೆ ಇಟ್ಟಳು. ಸದ್ದು ಅವಳಿಗಿಂತ ಮುಂದೆ ಹೊರಟಿತು. ಬೀದಿ ದೀಪದ ಕೆಳಗೆ ಯಾರೂ ಇಲ್ಲ. ಆದ್ರೂ ಸದ್ದು ದೀಪದ ಕೆಳಗಿಂದಲೇ ಹೋಯ್ತು... ಟಿಣ್, ಟಿಣ್... ಹೋಗಿ ಮೂರನೇ ಮನೆ, ದರ್ಜಿ ಮನೆ ಕಿಟಕಿ ಹತ್ತಿರ ನಿಂತಿತು. ಅಲ್ಲಿಂದ ಒಂದು ಪಿಸುಮಾತು.

"ಮಗೂ... ಬೆರಳು ಹಿಡಿ."

ಅಷ್ಟೇ. ಹೆಂಗಸಿನ ದನಿ. ದಣಿದ ದನಿ.

ಅಕ್ಕ ಹೆದರುಪುಕ್ಕಲಿ ಅಲ್ಲ, ಹೆಣದ ಜೊತೆ ಒಂದೇ ಕೋಣೇಲಿ ಕೂತು ಟೀ ಕುಡಿದವಳು. ಜ್ವರದ ಸರ್ವೆಗೆ ಯಾರನ್ನೋ ಕಳಿಸಿದ್ದಾರೆ ಅಂದ್ಕೊಂಡು ಮನೆಗೆ ಹೋಗಿ ಮಲಗಿದ್ಲು.

ಮಾರನೇ ದಿನ ಮಧ್ಯಾಹ್ನ ಡ್ಯೂಟಿಗೆ ಹೋದ್ರೆ ಐದನೇ ಹಾಸಿಗೇಲಿ ದರ್ಜಿ ಮಗ.

ಈ ಜ್ವರದ ವಿಷಯ ಸ್ವಲ್ಪ ಹೇಳಬೇಕು. ಮೆದುಳು ಜ್ವರ ಅಂತಾರೆ. ಬೆಳಗ್ಗೆ ಮಗು ತಲೆನೋವು ಅನ್ನತ್ತೆ, ಒಂದು ಸಲ ವಾಂತಿ ಮಾಡ್ಕೊಳ್ಳತ್ತೆ. ರಾತ್ರಿ ಹೊತ್ತಿಗೆ ಮೈ ಕೆಂಡ. ಆಮೇಲೆ ಅಮ್ಮನ ಗುರುತೇ ಸಿಗಲ್ಲ, "ನೀನ್ಯಾರು" ಅನ್ನತ್ತೆ. ಕತ್ತು ಸೆಟೆದುಕೊಳ್ಳತ್ತೆ, ಫಿಟ್ಸ್ ಬರತ್ತೆ. ಸೊಳ್ಳೆಯಿಂದ ಬರೋ ವೈರಸ್ಸು, ಅದನ್ನ ಕೊಲ್ಲೋ ಔಷಧಿ ಇಲ್ಲ ಅಂತ ದೊಡ್ಡ ಡಾಕ್ಟರು ಹೇಳಿದ್ರು. "ಫಿಟ್ಸ್ ನಿಲ್ಲಿಸಬಹುದು, ಮೆದುಳಿನ ಬಾವು ಇಳಿಸಬಹುದು, ಉಸಿರು ನಿಲ್ಲದ ಹಾಗೆ ನೋಡ್ಕೋಬಹುದು. ಮಿಕ್ಕಿದ್ದು ಮಗುವೇ ಗೆಲ್ಲಬೇಕು. ಬೇಗ ಬಂದಷ್ಟೂ ಒಳ್ಳೇದು." ಹತ್ತು ದಿನದಲ್ಲಿ ಒಂಬತ್ತು ಮಕ್ಕಳು ಬಂದಿದ್ದವು. ನಾಲ್ಕು ಹೋಗಿದ್ದವು.

ಮಕ್ಕಳಿಗೆ ಎಚ್ಚರ ಇದೆಯಾ ಅಂತ ಗಂಟೆಗೊಂದು ಸಲ ನೋಡಬೇಕು. ಹೇಗೆ ನೋಡ್ತಾರೆ ಗೊತ್ತಾ? ಹೆಸರು ಕರೀತಾರೆ. ಅಂಗೈಯೊಳಗೆ ತಮ್ಮ ಬೆರಳಿಟ್ಟು "ಹಿಡಿ, ಗಟ್ಟಿಯಾಗಿ ಹಿಡಿ" ಅಂತಾರೆ.

ದರ್ಜಿ ಮಗ ಹಿಡೀಲಿಲ್ಲ. ಎರಡನೇ ದಿನ ಬೆಳಗಿನ ಜಾವ ಹೋಗಿಬಿಟ್ಟ.

ಅವತ್ತು ರಾತ್ರಿ ಬರ್ತಾ ಬಾವಿ ಹತ್ತಿರ ಮತ್ತೆ... ಟಿಣ್... ಟಿಣ್... ಈ ಸಲ ಹಾಲು ಮಾರೋ ಹೆಂಗಸಿನ ಮನೆ ಮುಂದೆ ನಿಂತಿತು. "ಬೆರಳು ಹಿಡಿ." ಅಕ್ಕ ಹಿಂದಿರುಗಿ ನೋಡದೆ ಓಡಿ ಮನೆ ಸೇರಿದ್ಲು. ಮಾರನೇ ದಿನ ರಾತ್ರಿ ಆ ಹೆಂಗಸು ಮಗಳನ್ನ ಹೆಗಲ ಮೇಲೆ ಹಾಕ್ಕೊಂಡು ಬಂದ್ಲು. ಮಗುವಿನ ಕಾಲು ಮರದ ಕೊರಡಿನ ಹಾಗೆ ನೆಟ್ಟಗಿತ್ತು.

ವಾರ್ಡಿನಲ್ಲಿ ಒಬ್ಬಳು ಹಳೇ ಆಯಾ ಇದ್ಲು. ಬೆಡ್‌ಪ್ಯಾನ್ ತೊಳೆಯೋಳು, ನೆಲ ಒರೆಸೋಳು. ಡಾಕ್ಟರಿಗಿಂತ ಮುಂಚೆ ಅವಳಿಗೆ ಗೊತ್ತಾಗ್ತಿತ್ತು, ಯಾವ ಮಗು ಉಳಿಯತ್ತೆ, ಯಾವುದು ಇಲ್ಲ ಅಂತ. ಅಕ್ಕ ಅವಳನ್ನ ಬಟ್ಟೆ ಕೋಣೆಗೆ ಕರ್ಕೊಂಡು ಹೋಗಿ ಮೆಲ್ಲಗೆ ಹೇಳಿದ್ಲು.

"ಆಯಮ್ಮ, ಬಾವಿ ಹತ್ರ ರಾತ್ರಿ..."

ಪೂರ್ತಿ ಹೇಳೋಕೆ ಬಿಡಲಿಲ್ಲ.

"ಲೋಟದ ಸದ್ದಾ?"

ಅಕ್ಕ ಕೋಣೆ ಬಾಗಿಲ ಚಿಲಕ ಹಾಕಿದ್ಲು.

"ನಲವತ್ತು ವರ್ಷದ ಹಿಂದೆ ಇದೇ ಜ್ವರ ಬಂದಿತ್ತು ಸಿಸ್ಟರಮ್ಮ. ನಾನಾಗ ಹೊಸಬಳು. ಒಬ್ಬರು ನರ್ಸಮ್ಮ ಇದ್ರು. ಇಲ್ಲಿ ಜಾಗ ಇಲ್ಲ ಅಂತ ಮನೆಮನೆಗೆ ಹೋಗಿ ನೋಡೋರು. ಊರಿನ ಮಕ್ಕಳನ್ನೆಲ್ಲ ನೋಡಿ ಒಂದು ರಾತ್ರಿ ಮನೆಗೆ ಹೋದ್ರೆ... ಅವರ ಮಗಳೇ ಹಾಸಿಗೇಲಿ ಇಲ್ಲ. ಜ್ವರದ ಗುಂಗಿನಲ್ಲಿ ಎದ್ದು ಹೋಗಿತ್ತು ಮಗು."

"ಎಲ್ಲಿಗೆ?"

ಆಯಮ್ಮ ನೆಲ ನೋಡಿದ್ಲು.

"ಆಗ ಬಾವೀಲಿ ನೀರಿತ್ತು," ಅಂದ್ಲು.

ಆಮೇಲೆ ಅಕ್ಕ ಕೇಳಿದ್ಲು, "ಆ ನರ್ಸಮ್ಮ?"

"ಮೂರನೇ ದಿನ. ಅದೇ ಬಾವಿ." ಆಯಮ್ಮ ಅಕ್ಕನ ರಟ್ಟೆ ಹಿಡ್ಕೊಂಡ್ಲು. "ಹಿಂದೆ ಹೋಗಬೇಡ. ಅದು ಜ್ವರ ತರತ್ತೋ, ಜ್ವರ ನೋಡೋಕೆ ಬರತ್ತೋ, ನಮಗೇನು ಗೊತ್ತು?"

ಆದ್ರೆ ನಮ್ಮ ಅಕ್ಕ ಬೇಡ ಅಂದಿದ್ದನ್ನೇ ಮಾಡೋಳು. ಚಿಕ್ಕವಳಿದ್ದಾಗ ಬಿಸಿ ಇದೆ ಮುಟ್ಟಬೇಡ ಅಂದ್ರೆ ಎರಡೂ ಕೈ ಇಡ್ತಿದ್ಲು ಅಂತ ದೊಡ್ಡಮ್ಮ ಈಗಲೂ ಹೇಳ್ತಾರೆ.

ಮೂರನೇ ಸಲ ಸದ್ದು ಕೇಳಿದಾಗ ಅಕ್ಕ ಹಿಂದೆ ಹೋದ್ಲು.

ಅದು ಬಡಗಿ ಮನೆ ಮುಂದೆ ನಿಂತಿತು. ಪಿಸುಮಾತು ಮುಗಿಯೋವರೆಗೂ ಕಾದು ಅಕ್ಕ ಬಾಗಿಲು ಬಡಿದ್ಲು. ಬಡಗಿ ಅಂಗುಲದಷ್ಟು ಬಾಗಿಲು ತೆಗೆದ.

"ನಿಮ್ಮನೇಲಿ ಮಗುಗೆ ಜ್ವರ ಇದೆಯಾ?"

"ಇಲ್ಲ."

ಒಳಗಿನಿಂದ ಕಟಕಟ, ಕಟಕಟ ಅಂತ ಸದ್ದು. ಹಲ್ಲು ಕಡಿಯೋ ಸದ್ದು.

"ಅದೇನದು?"

"ಇಲಿ," ಅಂದ ಬಡಗಿ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಅಣ್ಣ, ನನ್ನ ಮುಖ ನೋಡಿ. ಯಾಕೆ ಮುಚ್ಚಿಡ್ತೀರ?"

"ನಿಮ್ಮ ಆಸ್ಪತ್ರೆಗೆ ಹೋದ ದರ್ಜಿ ಮಗ ನಡ್ಕೊಂಡು ವಾಪಸ್ ಬಂದ್ನಾ ಸಿಸ್ಟರ್? ಹೋಗೋದಾದ್ರೆ ಇಲ್ಲೇ ಹೋಗಲಿ. ಅವಳ ಅಮ್ಮನ ತೊಡೆ ಮೇಲೆ."

"ದರ್ಜಿ ಮಗ ಬಂದಿದ್ದು ತಡ ಆಗಿ. ನಿಮ್ಮ ಮಗಳಿಗೆ ಇನ್ನೂ ಹೊತ್ತಿದೆ. ಇಲ್ಲೇ ನಿಂತು ವಾದ ಮಾಡಿದ್ರೆ ಅದೂ ಇರಲ್ಲ."

ಬಡಗಿ ಹಲಗೆ ಸಾಗಿಸೋ ಆಟೋ ಇಟ್ಟಿದ್ದ. ಅದರಲ್ಲೇ ಮಗು ಮಲಗಿಸಿ ಕರ್ಕೊಂಡು ಹೋದ್ರು. ಮೂರನೇ ದಿನ ಆ ಹುಡುಗಿ ಅಕ್ಕನ ಬೆರಳು ಹಿಡಿದ್ಲು. ಬಡಗಿ ವಾರ್ಡಿನ ಬಾಗಿಲಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತ.

ಅಲ್ಲಿಂದ ಅಕ್ಕನಿಗೆ ಅದೇ ಕೆಲಸ ಆಯ್ತು. ಸದ್ದು ಯಾವ ಮನೆ ಮುಂದೆ ನಿಂತರೆ ಆ ಮನೆ ಬಾಗಿಲು ಬಡಿಯೋದು. ಒಂದು ವಾರದಲ್ಲಿ ನಾಲ್ಕು ಮನೆ. ನಾಲ್ಕರಲ್ಲೂ ಜ್ವರ. ಮೂರು ಮಕ್ಕಳು ಉಳಿದ್ವು. ಹೇಗೆ ಗೊತ್ತಾಗತ್ತೆ ಅಂತ ಡಾಕ್ಟರು ಕೇಳಿದ್ದಕ್ಕೆ "ಬೀದಿಯವರು ಹೇಳ್ತಾರೆ ಸಾರ್" ಅಂದ್ಲು. ಇನ್ನೇನು ಹೇಳ್ತಾಳೆ?

ಆದ್ರೆ ಬೀದಿಯವರು ಬೇರೆಯೇ ಲೆಕ್ಕ ಹಾಕ್ತಿದ್ರು. ರಾತ್ರಿ ಈ ನರ್ಸು ಯಾರ ಮನೆ ಬಾಗಿಲು ತಟ್ಟಿದ್ರೆ ಅವರ ಮನೆ ಮಗು ಆಸ್ಪತ್ರೆ ಸೇರತ್ತೆ. ಹಾಗಾದ್ರೆ ಜ್ವರ ಯಾರ ಜೊತೆ ಬರ್ತಿದೆ? ಅಂಗಡಿಯವನು ಅಕ್ಕನ ಕೈಗೆ ಚಿಲ್ಲರೆ ಕೊಡೋದು ಬಿಟ್ಟು ಹಲಗೆ ಮೇಲಿಟ್ಟ. ಅವಳು ಬರೋ ಹೊತ್ತಿಗೆ ಸಾಲಾಗಿ ಅಗಳಿ ಹಾಕೋ ಸದ್ದು ಕೇಳ್ತಿತ್ತು... ಠಕ್, ಠಕ್, ಠಕ್. ಒಂದು ರಾತ್ರಿ ಮಹಡಿ ಮೇಲಿಂದ ಒಂದು ಕಲ್ಲು ಬಂದು ಕಾಲ ಹತ್ತಿರ ಬಿತ್ತು. ಅಕ್ಕ ಅದನ್ನ ಎತ್ತಿ ಪಕ್ಕಕ್ಕಿಟ್ಟು ನಡೆದ್ಲು.

ಈಗ ಅಕ್ಕನ ಮನೆ ವಿಷಯ. ಭಾವ ಪೇಪರ್ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ. ಮನೇಲಿ ಅಕ್ಕನ ಅತ್ತೆ, ಮತ್ತೆ ಗುಬ್ಬಿ. ಗುಬ್ಬಿ ಅಂದ್ರೆ ಅಕ್ಕನ ಮಗಳು, ಆರು ವರ್ಷ. ಒಂದು ಕ್ಷಣ ಬಾಯಿ ಮುಚ್ಚಲ್ಲ, ಅದಕ್ಕೇ ಆ ಹೆಸರು. ಅತ್ತೆಗೆ ಒಂದು ಕಿವಿ ಕೇಳ್ಸಲ್ಲ. ಯಾವ ಕಿವಿ ಅನ್ನೋದು ಅವರಿಗೆ ಬೇಕಾದ ಹಾಗೆ ಬದಲಾಗ್ತಿತ್ತು ಅಂತ ಭಾವ ತಮಾಷೆ ಮಾಡೋರು. ಮಲಗಿದ ಮೇಲೆ ಮಾತ್ರ ಎರಡೂ ಕೇಳ್ಸಲ್ಲ.

ಕಲ್ಲು ಬಿದ್ದ ಮಾರನೇ ದಿನ ಬೆಳಗ್ಗೆ ಗುಬ್ಬಿ "ಅಮ್ಮಾ, ತಲೆನೋವು" ಅಂದಿತ್ತು. ಅಕ್ಕನಿಗೆ ಮೂರು ಗಂಟೆ ನಿದ್ದೆ ಆಗಿತ್ತಷ್ಟೆ. "ಸ್ಕೂಲಿಗೆ ಚಕ್ಕರ್ ಹೊಡಿಯೋಕೆ ನಾಟಕ ಆಡಬೇಡ, ಹೊರಡು" ಅಂದ್ಲು. ಹಣೆ ಮುಟ್ಟಿ ನೋಡಲಿಲ್ಲ. ಊರಿನ ಮಕ್ಕಳ ಹಣೆ ಎಲ್ಲಾ ಮುಟ್ಟಿದವಳು... ದೀಪದ ಬುಡದಲ್ಲೇ ಕತ್ತಲೆ. ಈ ಜಾಗಕ್ಕೆ ಬಂದಾಗ ಅಕ್ಕ ಪ್ರತಿ ಸಲ ಕತೆ ನಿಲ್ಲಿಸ್ತಾಳೆ. ನೀರು ಕುಡಿದು ಮತ್ತೆ ಶುರು ಮಾಡ್ತಾಳೆ.

ಆ ರಾತ್ರಿ ಡ್ಯೂಟಿ ಮುಗಿದಾಗ ಒಂದೂಕಾಲು. ಬಾವಿ ಹತ್ತಿರ ಬಂದ್ಲು. ಕಟ್ಟೆ ಮೇಲೆ ಯಾರೂ ಇರಲಿಲ್ಲ. ಅದನ್ನ ಅವಳು ಆಣೆ ಮಾಡಿ ಹೇಳ್ತಾಳೆ. ಯಾರೂ ಇರಲಿಲ್ಲ.

ಟಿಣ್... ಟಿಣ್...

ಅಕ್ಕ ಹಿಂಬಾಲಿಸಿದ್ಲು. ಈ ಸಲ ಸದ್ದು ಬೇಗ ಬೇಗ ಹೋಗ್ತಿತ್ತು. ದರ್ಜಿ ಮನೆ ದಾಟಿತು. ಹಾಲಿನವಳ ಮನೆ ದಾಟಿತು. ಬಡಗಿ ಮನೆ ದಾಟಿತು. ಎಲ್ಲೂ ನಿಲ್ಲಲಿಲ್ಲ. ಟಿಣ್‌ಟಿಣ್‌ಟಿಣ್‌ಟಿಣ್... ಓಡೋ ಹೆಂಗಸಿನ ಕೈಯಲ್ಲಿರೋ ಲೋಟದ ಹಾಗೆ. ಬಲಕ್ಕೆ ತಿರುಗಿತು. ಅಕ್ಕನ ಗಲ್ಲಿಗೇ ತಿರುಗಿತು.

"ಬೇಡ... ಬೇಡ..." ಅಂತ ಅಕ್ಕ ಬಾಯೊಳಗೇ ಅಂದ್ಕೊಂಡ್ಲಂತೆ.

ಅವಳ ಮನೆ ಬಾಗಿಲ ಮುಂದೆ ನಿಂತಿತು.

ಬಾಗಿಲು ತೆರೆದಿತ್ತು.

ಒಳಗೆ ಫ್ಯಾನ್ ತಿರುಗ್ತಿದೆ, ಕಿರ್... ಕಿರ್... ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಪಕ್ಕದಲ್ಲಿ ಗುಬ್ಬಿ ಹಾಸಿಗೆ. ಹೊದಿಕೆ ಕೆಳಗೆ ಬಿದ್ದಿದೆ. ದಿಂಬಿನ ಮೇಲೆ ವಾಂತಿ. ಮಗು ಇಲ್ಲ.

ಅಕ್ಕ ಅಡುಗೆಮನೆ ನೋಡಿದ್ಲು, ಬಚ್ಚಲು ನೋಡಿದ್ಲು. ಎಲ್ಲೂ ಇಲ್ಲ. ಆಗ ಹೊರಗಿನಿಂದ, ದೂರದಿಂದ, ಅವಳು ಈಗತಾನೇ ದಾಟಿ ಬಂದ ಕಡೆಯಿಂದ...

ಟಿಣ್.

ಒಂದೇ ಸಲ.

ಅಕ್ಕ ಓಡಿದ್ಲು. ಒಂದು ಚಪ್ಪಲಿ ಗಲ್ಲೀಲಿ ಬಿತ್ತು, ಇನ್ನೊಂದನ್ನ ಅವಳೇ ಒದ್ದು ಬಿಸಾಕಿದ್ಲು.

ಬಾವಿ ಕಟ್ಟೆ ಮೇಲೆ ಗುಬ್ಬಿ ನಿಂತಿತ್ತು. ಜಾಲರಿ ಇಲ್ಲದ ಕಡೆ. ಕಾಲಿನ ಬೆರಳ ತುದಿ ಕಲ್ಲಿನಾಚೆಗೆ. ಎಡಗೈ ಕೆಳಗೆ ಜೋತುಬಿದ್ದಿತ್ತು. ಬಲಗೈ ಮೇಲಕ್ಕೆ ಎತ್ತಿತ್ತು... ದೊಡ್ಡವರ ಕೈ ಹಿಡಿದು ರಸ್ತೆ ದಾಟೋ ಮಗುವಿನ ಹಾಗೆ. ಮುಷ್ಟಿ ಬಿಗಿಯಾಗಿತ್ತು.

ಅಕ್ಕ ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ಜೋರಾಗಿ ಕರೆದ್ರೆ ಮಗು ಬೆಚ್ಚಿ ಬಿದ್ದುಬಿಟ್ರೆ?

"ಗುಬ್ಬಿ..." ಅಂದ್ಲು ಮೆಲ್ಲಗೆ.

ಮಗು ತಿರುಗಿ ನೋಡ್ತು. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ.

"ನೀನ್ಯಾರು?"

"ಅಮ್ಮ ಪುಟ್ಟ. ನಾನು ಅಮ್ಮ."

"ಅಲ್ಲ," ಅಂತು ಗುಬ್ಬಿ. "ಅಮ್ಮ ಬರ್ತಾಳೆ. ಇಲ್ಲೇ ನಿಂತಿರು ಅಂದಿದ್ದಾರೆ."

"ಯಾರು?"

ಮಗು ಎತ್ತಿದ ಕೈ ಕಡೆ ನೋಡ್ತು. ಮೇಲಕ್ಕೆ ನೋಡ್ತು, ಅಲ್ಲಿ ಯಾರದೋ ಮುಖ ಇದೆ ಅನ್ನೋ ಹಾಗೆ.

ಆ ಹತ್ತು ಹೆಜ್ಜೆ ಹೇಗೆ ಇಟ್ಟೆ ಅಂತ ಅಕ್ಕನಿಗೆ ಗೊತ್ತಿಲ್ಲ. ಸೊಂಟ ಹಿಡಿದು ಎಳೆದ್ಲು. ಮಗುವಿನ ಮೈ ಬಾಣಲೆ ಹಾಗೆ ಸುಡ್ತಿತ್ತು. ಮೊದಲ ಸಲ ಎಳೆದಾಗ ಬರಲಿಲ್ಲ. ಬಲಗೈ ಗಾಳೀಲೇ ಸಿಕ್ಕಿಹಾಕ್ಕೊಂಡಿತ್ತು. ಆ ಕಡೆಯಿಂದಲೂ ಯಾರೋ ಹಿಡಿದಿದ್ರು... ಅಕ್ಕ ಅಷ್ಟೇ ಹೇಳೋದು. ಆಗ ಅವಳು ಕತ್ತಲೆ ಕಡೆ ತಿರುಗಿ ಅಂದ್ಲಂತೆ, "ನಾನು ಬಂದಿದ್ದೀನಿ. ಬಿಡಿ."

ಮುಷ್ಟಿ ಬಿಚ್ಚಿಕೊಂಡಿತು.

ಬಾವಿಯೊಳಗೆ ಏನೋ ಬಿತ್ತು. ಠಣ್... ಕಲ್ಲಿಗೆ ತಗುಲಿ ಮತ್ತೆ ಠಣ್... ಆಮೇಲೆ, ಇಪ್ಪತ್ತು ವರ್ಷದಿಂದ ಒಣಗಿರೋ ಬಾವಿಯ ತಳದಲ್ಲಿ... ಗುಳುಕ್.

ಆಗ ಅಕ್ಕ ಕಿರುಚಿದ್ಲು. ಒಂದು ಮನೆ ಬಾಗಿಲೂ ತೆರೀಲಿಲ್ಲ. ಕಿಟಕಿಗಳ ದೀಪ ಹೊತ್ತಿ ಆರಿದ್ವು. ಬಡಗಿ ಒಬ್ಬನೇ ಬಂದ, ಬನಿಯನ್ನಿನಲ್ಲೇ, ಆಟೋ ಕೀ ಕೈಯಲ್ಲಿ ಹಿಡ್ಕೊಂಡು.

ಆಸ್ಪತ್ರೆ ಸೇರೋ ಮುಂಚೆ ಗುಬ್ಬಿಗೆ ಎರಡು ಸಲ ಫಿಟ್ಸ್ ಬಂತು. ಒಂಬತ್ತನೇ ಹಾಸಿಗೆ ಕೊಟ್ರು. ಭಾವ ಪ್ರೆಸ್ಸಿನಿಂದ ಹಾಗೇ ಬಂದ್ರು, ಕೈಯೆಲ್ಲ ಇಂಕು, ಮಗು ಮುಟ್ಟೋಕೆ ಹೆದರಿ ಕೈ ಹಿಂದೆ ಕಟ್ಕೊಂಡು ನಿಂತಿದ್ರು. ಅತ್ತೆ ಬೆಳಗ್ಗೆ ಬಂದು ಅಕ್ಕನ ಕಾಲ ಹತ್ರ ಕೂತ್ರು. "ನನ್ನ ಪಕ್ಕದಿಂದ ಎದ್ದು ಹೋಯ್ತಲ್ಲೇ, ನನಗೆ ಗೊತ್ತಾಗಲಿಲ್ಲವಲ್ಲೇ" ಅಂತ ಎದೆ ಬಡ್ಕೊಂಡ್ರು. ಅಕ್ಕ ಅವರ ತಲೆ ನೇವರಿಸಿದ್ಲು. ಬೆಳಗ್ಗೆ ತಾನು ಏನಂದೆ ಅನ್ನೋದನ್ನ ಹೇಳಲಿಲ್ಲ. ಅದನ್ನ ಹೇಳಿದ್ದು ತಿಂಗಳುಗಳಾದ ಮೇಲೆ.

ಮೂರು ದಿನ ಅಕ್ಕ ಗಂಟೆಗೊಂದು ಸಲ ಬೆರಳಿಟ್ಟು ನೋಡಿದ್ಲು. ಅಂಗೈ ಸತ್ತ ಮೀನಿನ ಹಾಗೆ ತಣ್ಣಗಿತ್ತು. "ಹಿಡಿ ಪುಟ್ಟ" ಅನ್ನೋಳು. "ಮಗೂ" ಅನ್ನೋ ಮಾತು ಮಾತ್ರ ಅವಳ ಬಾಯಲ್ಲಿ ಬರ್ತಿರಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ, ಆಯಮ್ಮ ನೆಲ ಒರೆಸ್ತಾ ಇದ್ದವಳು ತಲೆ ಎತ್ತಿ "ಸಿಸ್ಟರಮ್ಮ, ನೋಡಿ" ಅಂದ್ಲು. ಗುಬ್ಬಿ ಕಿರುಬೆರಳು ಅಲ್ಲಾಡ್ತಿತ್ತು.

ಗುಬ್ಬಿ ಉಳೀತು. ಮೂರು ವಾರ ಆದ ಮೇಲೆ ಮನೆಗೆ ಬಂತು. ಅ ಆ ಇ ಈ ಎಲ್ಲಾ ಮರೆತಿತ್ತು, ಮೊದಲಿಂದ ಕಲೀತು. ಎಡಗಾಲು ಸ್ವಲ್ಪ ಎಳೆಯತ್ತೆ. ಮಾತು ಕಮ್ಮಿಯಾಗಿದೆ. ಆ ರಾತ್ರಿ ಬಗ್ಗೆ ಏನೂ ನೆನಪಿಲ್ಲ. ಅಷ್ಟು ಜ್ವರದಲ್ಲಿ ಮಕ್ಕಳು ಎದ್ದು ನಡೆಯೋದು, ಇಲ್ಲದವರನ್ನ ಕಾಣೋದು ಇದ್ದದ್ದೇ ಅಂದ್ರು ಡಾಕ್ಟರು. ಆ ದೆವ್ವವೇ ಮಗೂನ ಎಳ್ಕೊಂಡು ಹೋಯ್ತು ಅಂತಾರೆ ಅತ್ತೆ. ಎಳ್ಕೊಂಡು ಹೋಗಿದ್ರೆ ಕಟ್ಟೆ ಮೇಲೆ ಯಾಕೆ ನಿಲ್ಲಿಸ್ಕೊಂಡಿರತ್ತೆ, ಬೀಳದ ಹಾಗೆ ಹಿಡ್ಕೊಂಡಿತ್ತು ಅಂತಾಳೆ ಆಯಮ್ಮ. ನಿನಗೇನನಿಸತ್ತೆ ಅಂತ ಅಕ್ಕನನ್ನ ಕೇಳಿದೆ. ಅವಳು ಗುಬ್ಬಿಯ ಹಣೆ ಮುಟ್ಟಿ ನೋಡಿದ್ಲು.

ಆಮೇಲೆ ಬೀದಿಬೀದೀಲಿ ಸೊಳ್ಳೆ ಹೊಗೆ ಹಾಕಿದ್ರು, ಸ್ಕೂಲುಗಳಲ್ಲಿ ಮಕ್ಕಳನ್ನ ಸಾಲು ನಿಲ್ಲಿಸಿ ಲಸಿಕೆ ಚುಚ್ಚಿದ್ರು. ಜ್ವರ ಇಳೀತು. ಬಾವಿಗೆ ಕಲ್ಲು ಮಣ್ಣು ತುಂಬಿ ಮೇಲೆ ಸಿಮೆಂಟ್ ಹಾಕಿದ್ರು. ಈಗ ಅದರ ಮೇಲೆ ಬೈಕ್ ನಿಲ್ಲಿಸ್ತಾರೆ.

ಆದ್ರೆ ಒಂದು ಮಾತು ಉಳೀತು. ಅದನ್ನೂ ಹೇಳಿಬಿಡ್ತೀನಿ.

ಗುಬ್ಬಿಯನ್ನ ಆ ರಾತ್ರಿ ವಾರ್ಡಿಗೆ ತಂದಾಗ ಅದರ ಹಣೆಗೆ ಒಂದು ಒದ್ದೆ ಬಟ್ಟೆ ಕಟ್ಟಿತ್ತು. ನಾಲ್ಕು ಮಡಿಕೆ ಮಾಡಿ, ಹಿಂದೆ ಸಣ್ಣ ಗಂಟು ಹಾಕಿ, ಅಚ್ಚುಕಟ್ಟಾಗಿ. ಅಕ್ಕ ಕಟ್ಟಿದ್ದು ಅಂತ ರಾತ್ರಿ ಪಾಳಿ ನರ್ಸು ಅಂದ್ಕೊಂಡ್ಲು. ಬಡಗಿ ಕಟ್ಟಿರಬೇಕು ಅಂತ ಅಕ್ಕ ಅಂದ್ಕೊಂಡ್ಲು, ಆಮೇಲೆ ಕೇಳಿದ್ರೆ ಅವನು ತಾನಲ್ಲ ಅಂದ. ಅತ್ತೆಗಂತೂ ಮಗು ಎದ್ದಿದ್ದೇ ಗೊತ್ತಿಲ್ಲ. ಒರಟು ಬಿಳಿ ಬಟ್ಟೆ. ಒಂದು ಮೂಲೇಲಿ ಕೆಂಪು ದಾರದಲ್ಲಿ ಹೊಲಿದ ನಂಬರು, ಹದಿನೇಳು. ಆಸ್ಪತ್ರೆ ಲಾಂಡ್ರಿಯವನಿಗೆ ತೋರಿಸಿದ್ರೆ ತಿರುಗಿಸಿ ಮುರುಗಿಸಿ ನೋಡಿದ. "ಸಿಸ್ಟರ್, ದಾರದ ನಂಬರು ನಮ್ಮಪ್ಪನ ಕಾಲದಲ್ಲೇ ನಿಂತುಹೋಯ್ತು. ಈಗೆಲ್ಲ ಸೀಲು ಒತ್ತೋದು. ಇದೆಲ್ಲಿ ಸಿಕ್ತು ನಿಮಗೆ?" ಅಂದ.

ಆ ಬಟ್ಟೆ ಅಕ್ಕನ ಬೀರುವಿನಲ್ಲಿದೆ. ನಂಬದಿದ್ರೆ ಬನ್ನಿ, ತೋರಿಸ್ತೀನಿ. ಹೋದ ತಿಂಗಳು ನಾನೇ ಕೈಯಲ್ಲಿ ಹಿಡಿದು ನೋಡಿದೆ. ಬಟ್ಟೆ ಹಳೇದು, ಅಂಚು ಹಳದಿಯಾಗಿದೆ. ಆದ್ರೆ ದಾರ ಹೊಸದು, ನಿನ್ನೆ ತಾನೇ ಹೊಲಿದ ಹಾಗೆ. ಹೆಬ್ಬೆರಳಿಂದ ಉಜ್ಜಿದೆ. ಬೆರಳಿಗೆ ಕೆಂಪು ಬಣ್ಣ ಹತ್ತಿತು.